ಲೇನಿನ ಎಣ್ಣೆ, ಕೈಯ ಚೆಂಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಟೆನ್‌ಪಿನ್ ಬೌಲಿಂಗ್ ಕುರಿತು ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಬಾಗಿಲುಗಳಿಂದ ಕೇಳಿವೆ: ಯಾವ ಲೇನಿಗೆ, ಅಂದರೆ ಹತ್ತು ಪಿನ್‌ಗಳನ್ನು ಬೀಳಿಸಲು ಚೆಂಡು ಉರುಳುವ ಓಣಿಗೆ, ಯಾವ ಚೆಂಡು? ಆದ್ದರಿಂದ ಉಳಿದ ವಿಷಯಗಳನ್ನು ಮುಂದಕ್ಕೆ ಹಾಕಿ, ಎಣ್ಣೆಗೂ ಚೆಂಡಿಗೂ ಸಂಬಂಧಪಟ್ಟ ಪತ್ರಗಳನ್ನು ಮಾತ್ರ ಇಲ್ಲಿ ಎತ್ತಿಕೊಂಡಿದ್ದೇನೆ. ಬಲಗೈ ಆಟಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರುವುದರಿಂದ ಎಡಗೈಯವರು ಎಡ ಬಲಗಳನ್ನು ಅದಲು ಬದಲು ಮಾಡಿಕೊಂಡು ಓದಬೇಕು. ಅವರಿಗಾಗಿ ಕೊನೆಯಲ್ಲಿ ಒಂದು ಪ್ರಶ್ನೆಯೂ ಇದೆ.

ಪ್ರಶ್ನೆ: ಕಚೇರಿಯ ತಂಡದಲ್ಲಿ ಎರಡು ವರ್ಷದಿಂದ ಆಡುತ್ತಿದ್ದೇನೆ. ಅಲ್ಲಿ ಎಲ್ಲರಿಗೂ ಕೊಡುವ ಚೆಂಡುಗಳಿಂದ ಬೇಸತ್ತು ಈಚೆಗೆ ಸ್ವಂತಕ್ಕೆ ಒಂದು ರಿಯಾಕ್ಟಿವ್ ರೆಸಿನ್ ಚೆಂಡು ತರಿಸಿ, ಬೆರಳಿನ ಅಳತೆಗೆ ಕೊರೆಸಿಕೊಂಡೆ. ನಾವು ವಾರವಾರ ಆಡುವ ಮಾಲ್‌ನಲ್ಲಿ ಅದು ಅರ್ಧ ದಾರಿಗೇ ಎಡಕ್ಕೆ ತಿರುಗಿ ಎಲ್ಲಕ್ಕೂ ಮುಂದೆ ನಿಂತ ಹೆಡ್‌ಪಿನ್ನನ್ನೂ ದಾಟಿ ಹೋಗುತ್ತದೆ. ಪಂದ್ಯವೊಂದಕ್ಕೆಂದು ಬೇರೆ ಕಡೆ ಹೋದಾಗ ಅದೇ ಚೆಂಡು ತಿರುಗುವುದನ್ನೇ ಮರೆತು ನೇರವಾಗಿ ಜಾರಿಹೋಯಿತು. ಕೊರೆಯುವಾಗ ಏನಾದರೂ ತಪ್ಪಾಗಿರಬಹುದೇ? (ಓದುಗರು, ಜಯನಗರ, ಬೆಂಗಳೂರು)

ಉತ್ತರ: ಕೊರೆತದಲ್ಲಿ ತಪ್ಪಾಗಿದ್ದರೆ ನಿಮ್ಮ ಹೆಬ್ಬೆರಳು ಆ ಸುದ್ದಿಯನ್ನು ಮೊದಲ ದಿನವೇ ಹೇಳುತ್ತಿತ್ತು. ಚೆಂಡು ಸರಿಯಾಗಿಯೇ ಇದೆ. ಎರಡೂ ಕಡೆ ಅದು ತನ್ನ ಸ್ವಭಾವಕ್ಕೆ ತಕ್ಕಂತೆ ನಡೆದುಕೊಂಡಿದೆ. ಬದಲಾದದ್ದು ಲೇನಿನ ಮೇಲಿನ ಎಣ್ಣೆ.

ಎಸೆಯುವಾಗ ದಾಟಬಾರದ ಫೌಲ್ ಗೆರೆಯಿಂದ ಹೆಡ್‌ಪಿನ್ನಿನವರೆಗೆ ಲೇನಿನ ಉದ್ದ 60 ಅಡಿ. ಸುಮಾರು 41.5 ಇಂಚಿನ ಅಗಲದಲ್ಲಿ 39 ಹಲಗೆಗಳಿರುತ್ತವೆ. ಈಗಿನ ಸಿಂಥೆಟಿಕ್ ಲೇನುಗಳಲ್ಲಿ ಹಲಗೆಯ ಬದಲು ಹಲಗೆಯ ಚಿತ್ರವಷ್ಟೇ ಇರುತ್ತದೆ, ಆದರೂ ಆಟಗಾರರ ಲೆಕ್ಕವೆಲ್ಲ ಹಲಗೆಗಳಲ್ಲಿಯೇ ನಡೆಯುತ್ತದೆ. ಸಾಮಾನ್ಯವಾಗಿ ಮೊದಲ 40 ಅಡಿಯ ಆಸುಪಾಸಿನವರೆಗೆ ಎಣ್ಣೆ ಬಳಿದಿರುತ್ತಾರೆ. ಕೊನೆಯ 20 ಅಡಿ ಒಣಗಿರುತ್ತದೆ. ಇಡೀ ಲೇನಿಗೆ ಬೀಳುವ ಎಣ್ಣೆಯೆಂದರೆ 20ರಿಂದ 30 ಮಿಲಿಲೀಟರ್, ಅಂದರೆ ಹೆಚ್ಚುಕಡಿಮೆ ಎರಡು ದೊಡ್ಡ ಚಮಚದಷ್ಟು. ದೋಸೆಯ ಕಾವಲಿಗೆ ಅರ್ಧ ಈರುಳ್ಳಿಯಿಂದ ಎಣ್ಣೆ ಸವರಿದಾಗ ಉಳಿಯುವ ಪದರಕ್ಕಿಂತಲೂ ತೆಳುವಾದದ್ದು ಅದು. ಆದರೆ ಕಾವಲಿಯ ಮೇಲೆ ಎಣ್ಣೆ ಒಂದಿಷ್ಟು ಹೆಚ್ಚಾದರೆ ಹಿಟ್ಟು ಹಿಡಿತ ಸಿಗದೆ ಜಾರುತ್ತದೆ, ಕಡಿಮೆಯಾದರೆ ಹುಯ್ದಲ್ಲಿಯೇ ಕಚ್ಚಿಕೊಳ್ಳುತ್ತದೆ ಎನ್ನುವುದನ್ನು ಅಡುಗೆಮನೆಯಲ್ಲಿ ನಿಂತವರೆಲ್ಲ ಬಲ್ಲರು. ಲೇನಿನ ಮೇಲೆ ಚೆಂಡಿಗೆ ಆಗುವುದೂ ಅದೇ.

ಕೈಯಿಂದ ಬಿಟ್ಟ ಚೆಂಡು ಮೊದಲು ಎಣ್ಣೆಯ ಮೇಲೆ ಜಾರುತ್ತದೆ, ಅನಂತರ ನೆಲದ ಹಿಡಿತ ಸಿಕ್ಕಲ್ಲಿ ಹುಕ್ ಆಗಿ ತಿರುಗುತ್ತದೆ, ಕಡೆಗೆ ಉರುಳುತ್ತ ಪಿನ್‌ಗಳನ್ನು ಹೊಗುತ್ತದೆ. ಜಾರುವುದು, ತಿರುಗುವುದು, ಉರುಳುವುದು ಎಂಬ ಈ ಮೂರು ಹಂತಗಳು 60 ಅಡಿಯೊಳಗೆ ಸರಿಯಾಗಿ ಹಂಚಿಕೊಂಡರೆ ಚೆಂಡು 1 ಮತ್ತು 3ನೆಯ ಪಿನ್‌ಗಳ ನಡುವಿನ, ಅಂದರೆ ಹೆಡ್‌ಪಿನ್ನಿಗೂ ಅದರ ಬಲಹಿಂದಿನ ಪಿನ್ನಿಗೂ ನಡುವಿನ, ಪಾಕೆಟ್ಟಿಗೆ ಸುಮಾರು ಆರು ಡಿಗ್ರಿ ಕೋನದಲ್ಲಿ ನುಗ್ಗುತ್ತದೆ. ನೇರವಾಗಿ ಎಸೆದ ಚೆಂಡಿಗೆ ಲೇನಿನ ಅಂಚಿನಿಂದ ಹೊರಟರೂ ಅಷ್ಟು ಕೋನ ಸಿಗುವುದಿಲ್ಲ. ಹುಕ್ ಬೇಕೆನ್ನುವುದು ಅದಕ್ಕಾಗಿಯೇ. ಎಣ್ಣೆ ಕಡಿಮೆಯಾದರೆ ತಿರುಗುವ ಹಂತ ಬೇಗ ಬಂದು ಚೆಂಡು ಎಡಕ್ಕೆ ಸಾಗಿಬಿಡುತ್ತದೆ. ಎಣ್ಣೆ ಹೆಚ್ಚಾದರೆ ಜಾರಾಟದಲ್ಲಿಯೇ ದಾರಿ ಮುಗಿದುಹೋಗುತ್ತದೆ. ನೀವು ಕಂಡದ್ದು ಈ ಎರಡನ್ನೂ.

ಇನ್ನು ಚೆಂಡಿನ ಹೊರಮೈ, ಅಂದರೆ ಕವರ್‌ಸ್ಟಾಕ್, ಎಷ್ಟು ಹಿಡಿಯುತ್ತದೆ ಎಂಬುದು ಅದನ್ನು ಮಾಡಿದ ವಸ್ತುವನ್ನು ಅವಲಂಬಿಸಿದೆ. ಪ್ಲಾಸ್ಟಿಕ್ ಚೆಂಡು ಎಣ್ಣೆಯಿದ್ದರೂ ಇಲ್ಲದಿದ್ದರೂ ಬಹುಮಟ್ಟಿಗೆ ನೇರ ಹೋಗುತ್ತದೆ. 1980ರ ದಶಕದ ಮೊದಲಲ್ಲಿ ಬಂದ ಯುರೆಥೇನ್ ಚೆಂಡು ಬೇಗ ಹಿಡಿದು, ಬಿಲ್ಲಿನಂತೆ ನಿಧಾನವಾಗಿ ಬಾಗುತ್ತದೆ. 1990ರ ದಶಕದ ಆರಂಭದಲ್ಲಿ ಬಂದ ರಿಯಾಕ್ಟಿವ್ ರೆಸಿನ್ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದು ಅವು ಎಣ್ಣೆಯನ್ನು ಹೀರಿಕೊಳ್ಳುತ್ತವೆ. ಹಾಗಾಗಿ ಅದು ಎಣ್ಣೆ ದಾಟಿದೊಡನೆ ಒಣನೆಲವನ್ನು ಬಲವಾಗಿ ಕಚ್ಚುತ್ತದೆ. ರಿಯಾಕ್ಟಿವ್‌ನಲ್ಲಿಯೂ ಸಾಲಿಡ್ ಎಂಬ ಬಗೆ ಬೇಗ ಹಿಡಿಯುತ್ತದೆ, ಅಭ್ರಕದ ಮಿನುಗು ಬೆರೆತ ಪರ್ಲ್ ಎಂಬ ಬಗೆ ಹೆಚ್ಚು ದೂರ ಜಾರಿ ಕೊನೆಗೆ ಚುರುಕಾಗಿ ತಿರುಗುತ್ತದೆ, ಹೈಬ್ರಿಡ್ ಇವೆರಡರ ನಡುವೆ ನಿಲ್ಲುತ್ತದೆ.

ನಿಮ್ಮ ಮಾಲ್‌ನಂಥ ಕಡೆಗಳಲ್ಲಿ ಬರುವವರು ಹೆಚ್ಚಾಗಿ ಗಂಟೆಯ ಲೆಕ್ಕದಲ್ಲಿ ಆಡಿ ಹೋಗುವವರು. ಅವರ ಪ್ಲಾಸ್ಟಿಕ್ ಚೆಂಡುಗಳಿಗೆ ಎಣ್ಣೆಯ ಹಂಗಿಲ್ಲ, ಆದ್ದರಿಂದ ಎಣ್ಣೆ ಹಾಕುವ ಯಂತ್ರವನ್ನು ದಿನವೂ ಓಡಿಸಬೇಕೆಂಬ ಒತ್ತಡವೂ ನಡೆಸುವವರಿಗಿಲ್ಲ. ಒಣಗಿದ ಅಂಥ ಲೇನಿಗೆ ಮಾಸಲು ಮೈಯ ರಿಯಾಕ್ಟಿವ್ ಚೆಂಡು ಅತಿಯಾಯಿತು. ಪಂದ್ಯಕ್ಕೆಂದು ಆಗಷ್ಟೇ ಎಣ್ಣೆ ಹಾಕಿದ ಲೇನಿಗೆ ಅದೇ ಚೆಂಡು ಸಾಲದಾಯಿತು. ಮಾಲ್‌ನಲ್ಲಿ ಸದ್ಯಕ್ಕೆ ಅದರ ಮೈಯನ್ನು ಪಾಲಿಶ್ ಮಾಡಿಸಿ ಆಡಿ. ಹೊಸ ಚೆಂಡಿನ ಮಾತು ಆಮೇಲಿನದು.

ಪ್ರಶ್ನೆ: ಎಣ್ಣೆ ಕಣ್ಣಿಗೆ ಕಾಣುವುದೇ ಇಲ್ಲವಲ್ಲ, ಅದು ಎಷ್ಟಿದೆ, ಎಲ್ಲಿದೆ ಎಂದು ಆಟಗಾರನು ತಿಳಿಯುವುದಾದರೂ ಹೇಗೆ? (ಓದುಗರು, ಮೈಸೂರು)

ಉತ್ತರ: ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ ಎಂಬ ಗಾದೆ ಬೌಲಿಂಗ್ ಆಡುವವರಿಗೆಂದೇ ಹುಟ್ಟಿತೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಚೆಂಡು ಬಿಟ್ಟೊಡನೆ ತಿರುಗಿ ನಿಂತು, ಪಿನ್ ಬಿದ್ದ ಸದ್ದನ್ನು ಮಾತ್ರ ಕೇಳಿಸಿಕೊಳ್ಳುವವರು ನಮ್ಮಲ್ಲಿ ಬಹಳ. ಎಣ್ಣೆಯ ಸುದ್ದಿಯೆಲ್ಲ ಇರುವುದು ಚೆಂಡು ಹೋಗುವ ದಾರಿಯಲ್ಲಿ ಮತ್ತು ಹಿಂತಿರುಗಿ ಬಂದ ಚೆಂಡಿನ ಮೈಮೇಲೆ.

ಚೆಂಡು ರಿಟರ್ನ್‌ನಿಂದ ಹೊರಬಂದ ಕೂಡಲೇ ಒರೆಸಬೇಡಿ. ಎರಡೂ ಕೈಯಲ್ಲಿ ಎತ್ತಿ ಮೇಲಿನ ದೀಪದ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹೆಬ್ಬೆರಳಿನ ತೂತಿಗೂ ಬೆರಳುಗಳ ತೂತಿಗೂ ತುಸು ದೂರದಲ್ಲಿ, ಒಂದರ ಪಕ್ಕದಲ್ಲಿ ಒಂದು, ಬಳೆ ಇಟ್ಟ ಹಾಗೆ ತೆಳ್ಳಗಿನ ಎಣ್ಣೆಯ ವರ್ತುಲಗಳು ಕಾಣುತ್ತವೆ. ಒಳಗಿನ ತೂಕದ ತಿರುಳಾದ ಕೋರ್‌ನ ಆಕಾರದಿಂದಾಗಿ ಚೆಂಡಿನ ಅಕ್ಷ ಸ್ವಲ್ಪ ಸ್ವಲ್ಪವೇ ಹೊರಳುತ್ತ ಹೋಗುವುದರಿಂದ ಪ್ರತಿ ಸುತ್ತಿಗೂ ಒಂದು ಹೊಸ ಬಳೆ ಬೀಳುತ್ತದೆ. ಎರಡು ಕಡೆ ಅವೆಲ್ಲ ಒಂದನ್ನೊಂದು ದಾಟಿ ಗಂಟು ಹಾಕಿದಂತೆ ತೋರುತ್ತವೆ. ಆ ಬಳೆಗಳು ದಪ್ಪವಾಗಿ, ಬೆರಳಿನಿಂದ ಎಳೆದರೆ ಗೀರು ಮೂಡುವಷ್ಟು ಹಸಿಯಾಗಿದ್ದರೆ ಲೇನಿನಲ್ಲಿ ಎಣ್ಣೆ ಧಾರಾಳವಾಗಿದೆ ಎಂದರ್ಥ. ಹುಡುಕಿದರೆ ಮಾತ್ರ ಸಿಗುವಂತೆ ಮಸುಕಾಗಿದ್ದರೆ ಲೇನ್ ಒಣಗುತ್ತಿದೆ. ಮೊದಲ ಆಟದ ಬಳೆಗಳನ್ನು ನೆನಪಿಟ್ಟುಕೊಂಡು ಮೂರನೆಯ ಆಟದವುಗಳ ಜೊತೆ ಹೋಲಿಸಿ ನೋಡಿ. ಯಾವ ಯಂತ್ರದ ಅಳತೆಯೂ ಬೇಕಾಗುವುದಿಲ್ಲ.

ಅಭ್ಯಾಸದ ಎಸೆತಗಳನ್ನು ಸ್ಟ್ರೈಕ್‌ಗಾಗಿ (ಒಂದೇ ಎಸೆತಕ್ಕೆ ಹತ್ತೂ ಪಿನ್ ಬೀಳಿಸುವುದಕ್ಕಾಗಿ) ಖರ್ಚು ಮಾಡದೆ ಲೇನನ್ನು ಕೇಳುವುದಕ್ಕೆ ಬಳಸಿಕೊಳ್ಳಬೇಕು. ಲೇನಿನ ಮೇಲೆ ಏಳು ಬಾಣಗಳಿದ್ದು ಅವು ಐದೈದು ಹಲಗೆಗಳ ಅಂತರದಲ್ಲಿವೆ. ಬಲಗಡೆಯ ಅಂಚಿನಿಂದ ಎಣಿಸಿದರೆ ಮೊದಲ ಬಾಣ 5ನೆಯ ಹಲಗೆಯ ಮೇಲೆ, ಎರಡನೆಯದು 10ನೆಯ ಹಲಗೆಯ ಮೇಲೆ. ಒಂದು ಚೆಂಡನ್ನು ಎರಡನೆಯ ಬಾಣದ ಮೇಲೆ, ಇನ್ನೊಂದನ್ನು ಅದೇ ವೇಗದಲ್ಲಿ ಮೊದಲ ಬಾಣದ ಮೇಲೆ, ಮತ್ತೊಂದನ್ನು ಮೂರನೆಯ ಬಾಣದ ಮೇಲೆ ಬಿಡಿ. ಸಾರ್ವಜನಿಕರಿಗೆಂದು ಹಾಕುವ ಹೌಸ್ ಪ್ಯಾಟರ್ನ್ ಎಂಬ ಎಣ್ಣೆಯ ಹಂಚಿಕೆಯಲ್ಲಿ ನಡುಭಾಗಕ್ಕೆ ಬಹಳ ಎಣ್ಣೆ, ಎರಡು ಅಂಚುಗಳಿಗೆ ಅತಿ ಕಡಿಮೆ ಎಣ್ಣೆ ಇರುತ್ತದೆ. ನಡುವಿಗೂ ಅಂಚಿಗೂ ಹತ್ತಕ್ಕೆ ಒಂದರ ಪ್ರಮಾಣ ಇರುವುದು ಅಪರೂಪವಲ್ಲ. ಹಾಗಿದ್ದರೆ ಹೊರಗೆ ಹೋದ ಚೆಂಡು ಒಣ ಅಂಚನ್ನು ಮುಟ್ಟಿ ಒಳಕ್ಕೆ ಮರಳುತ್ತದೆ, ಒಳಗೆ ಬಿಟ್ಟ ಚೆಂಡು ಎಣ್ಣೆಯ ಮೇಲೆ ಅಲ್ಲಿಯೇ ಜಾರಿ ನಿಲ್ಲುತ್ತದೆ. ಎರಡೂ ತಾವಾಗಿಯೇ ಪಾಕೆಟ್ಟಿನ ಕಡೆಗೆ ಸೇರುತ್ತವೆ. ಮೂರೂ ಎಸೆತಗಳು ಮೂರು ದಿಕ್ಕು ಹಿಡಿದರೆ ಎದುರಿಗಿರುವುದು ಹೌಸ್ ಪ್ಯಾಟರ್ನ್ ಅಲ್ಲ.

ಇನ್ನೊಂದು ಸುಲಭದ ದಾರಿಯೂ ಇದೆ, ಅದೇಕೋ ಯಾರೂ ಹಿಡಿಯುವುದಿಲ್ಲ: ಕೌಂಟರಿನಲ್ಲಿರುವವರನ್ನು ಎಣ್ಣೆ ಹಾಕಿದ್ದು ಯಾವಾಗ, ಎಷ್ಟು ಅಡಿಯವರೆಗೆ ಎಂದು ಕೇಳುವುದು. ಪಂದ್ಯಗಳಲ್ಲಾದರೆ ಪ್ಯಾಟರ್ನ್‌ನ ನಕ್ಷೆಯನ್ನು ಮುಂಚೆಯೇ ಕೊಡುವುದುಂಟು.

ಪ್ರಶ್ನೆ: ಹತ್ತಾರು ಚೆಂಡುಗಳನ್ನು ಚೀಲದಲ್ಲಿ ಎಳೆದುಕೊಂಡು ಬರುವವರನ್ನು ನೋಡುತ್ತೇನೆ. ನನಗೆ ಎರಡು ಚೆಂಡಿಗಿಂತ ಹೆಚ್ಚು ಕೊಳ್ಳುವ ಶಕ್ತಿ ಇಲ್ಲ. ಯಾವ ಎರಡನ್ನು ಕೊಂಡರೆ ಹೆಚ್ಚಿನ ಲೇನುಗಳಿಗೆ ಸಾಕಾಗುತ್ತದೆ? (ಓದುಗರು, ಶಿವಮೊಗ್ಗ)

ಉತ್ತರ: ಒಂದು ಪ್ಲಾಸ್ಟಿಕ್, ಒಂದು ಮಧ್ಯಮ ಬಲದ ರಿಯಾಕ್ಟಿವ್.

ಪ್ಲಾಸ್ಟಿಕ್ ಎಂದೊಡನೆ ಮೂಗು ಮುರಿಯಬೇಡಿ. ಸ್ಟ್ರೈಕ್ ಆಗದೆ ಉಳಿದ ಪಿನ್‌ಗಳನ್ನು ಬೀಳಿಸುವುದರಲ್ಲಿಯೇ ಮಧ್ಯಮ ಮಟ್ಟದ ಆಟಗಾರರ ಅಂಕಗಳು ಕೂಡುತ್ತವೆ ಅಥವಾ ಸೋರಿಹೋಗುತ್ತವೆ. ಬಲಮೂಲೆಯಲ್ಲಿ ಒಂಟಿಯಾಗಿ ನಿಂತ ಹತ್ತನೆಯ ಪಿನ್ನಿಗೆ ಹುಕ್ ಆಗುವ ಚೆಂಡನ್ನು ಎಸೆಯುವುದೆಂದರೆ ಎಣ್ಣೆಯ ದಯೆಯ ಮೇಲೆ ಬದುಕುವುದು. ಪ್ಲಾಸ್ಟಿಕ್ಕಾದರೆ ಎಡಗಡೆಯಿಂದ ಓರೆಯಾಗಿ, ಎಣ್ಣೆ ಎಷ್ಟಿದ್ದರೂ ಒಂದೇ ಗೆರೆಯಲ್ಲಿ ಹೋಗುತ್ತದೆ. ಲೇನ್ ಪೂರ್ತಿ ಒಣಗಿ ಉಳಿದ ಚೆಂಡುಗಳೆಲ್ಲ ಹದ ತಪ್ಪಿದಾಗ ಮೊದಲ ಎಸೆತಕ್ಕೂ ಅದನ್ನೇ ಹಿಡಿಯಬಹುದು.

ಎರಡನೆಯ ಚೆಂಡಿನ ವಿಷಯದಲ್ಲಿ ಅಂಗಡಿಯವರು ನಿಮಗೆ ಕೋರ್‌ನ ಅಂಕಿಗಳನ್ನು ಮುಂದಿಡುತ್ತಾರೆ. ಆರ್‌ಜಿ ಎನ್ನುವುದು ಚೆಂಡಿನೊಳಗಿನ ತೂಕ ಕೇಂದ್ರಕ್ಕೆ ಹತ್ತಿರವಿದೆಯೇ ಹೊರಗೆ ಹರಡಿದೆಯೇ ಎಂಬುದನ್ನು ಹೇಳುತ್ತದೆ. ಆ ಅಂಕಿ ಕಡಿಮೆಯಿದ್ದರೆ ಚೆಂಡು ಬೇಗ ಸುತ್ತಲು ತೊಡಗುತ್ತದೆ, ಹೆಚ್ಚಿದ್ದರೆ ತಡವಾಗಿ. ಡಿಫರೆನ್ಷಿಯಲ್ ಎನ್ನುವುದು ನಾನು ಮೇಲೆ ಹೇಳಿದ ಬಳೆಗಳು ಎಷ್ಟು ಅಗಲವಾಗಿ ಹರಡಿಕೊಳ್ಳುತ್ತವೆ ಎಂಬುದರ ಅಳತೆ. ಇವು ಸುಳ್ಳಲ್ಲ, ಆದರೆ ಮೊದಲ ಸ್ವಂತ ಚೆಂಡು ಕೊಳ್ಳುವವರಿಗೆ ಇವುಗಳಿಗಿಂತ ಹೊರಮೈಯೇ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಸಮಮಿತಿಯ ಕೋರ್ ಇರುವ, ಮಧ್ಯಮ ಬಲದ ಸಾಲಿಡ್ ಅಥವಾ ಹೈಬ್ರಿಡ್ ಒಂದನ್ನು ಆರಿಸಿ. ಅತಿ ಬಲದ ಅಸಮಮಿತಿಯ ಚೆಂಡುಗಳು ಪತ್ರಿಕೆಯ ಜಾಹೀರಾತಿನಲ್ಲಿ ಚೆನ್ನಾಗಿ ಕಾಣುತ್ತವೆ, ನಮ್ಮ ಲೇನುಗಳಲ್ಲಿ ವರ್ಷಕ್ಕೆ ನಾಲ್ಕು ದಿನ ಕೆಲಸಕ್ಕೆ ಬರುತ್ತವೆ.

ಮೂರನೆಯ ಚೆಂಡು ಎಂದು ನಾನು ಕರೆಯುವುದು ಉಜ್ಜುವ ಬಿಲ್ಲೆಗಳನ್ನು. 500, 1000, 2000, 4000 ಗ್ರಿಟ್ ಎಂದು ಅಂಕಿ ಬರೆದ ಅಬ್ರಾಲಾನ್ ಪ್ಯಾಡುಗಳು ಚೆಂಡಿನ ಬೆಲೆಯ ಸಣ್ಣದೊಂದು ಪಾಲಿಗೆ ಸಿಗುತ್ತವೆ. ಅಂಕಿ ಚಿಕ್ಕದಾದಷ್ಟೂ ಮೈ ಒರಟಾಗುತ್ತದೆ, ಒರಟಾದಷ್ಟೂ ಎಣ್ಣೆಯನ್ನು ಸೀಳಿ ಬೇಗ ಹಿಡಿಯುತ್ತದೆ. ಪ್ಯಾಡನ್ನು ಒದ್ದೆ ಮಾಡಿ, ಚೆಂಡನ್ನು ದಪ್ಪನೆಯ ಬಟ್ಟೆಯ ಸಿಂಬಿಯ ಮೇಲೆ ಕೂರಿಸಿ, ಅಂಗೈಯನ್ನು ಅಗಲವಾಗಿ ಹರಡಿ ಅರ್ಧ ನಿಮಿಷ ಉಜ್ಜಬೇಕು. ಅನಂತರ ಚೆಂಡನ್ನು ಕಾಲು ಸುತ್ತು ತಿರುಗಿಸಿ ಅಷ್ಟೇ ಹೊತ್ತು, ಅಷ್ಟೇ ಒತ್ತಡದಲ್ಲಿ ಉಜ್ಜಬೇಕು. ನಾಲ್ಕು ಪಕ್ಕ, ಮೇಲೆ, ಕೆಳಗೆ ಎಂದು ಆರು ಮುಖಗಳನ್ನೂ ಮುಗಿಸಬೇಕು. ಬೂದುಬಣ್ಣದ ನೀರು ಇಳಿಯುತ್ತದೆ, ಗಾಜಿನಂತಿದ್ದ ಮೈ ಸ್ಲೇಟಿನಂತಾಗುತ್ತದೆ. ಆ ಒಂದೇ ಚೆಂಡು 1000ದಲ್ಲಿ ಹೆಚ್ಚು ಎಣ್ಣೆಗೆ, 2000ದಲ್ಲಿ ಸಾಧಾರಣ ಎಣ್ಣೆಗೆ, 4000ದ ಮೇಲೆ ಪಾಲಿಶ್ ಹಾಕಿದರೆ ಒಣಗಿದ ಲೇನಿಗೆ ಒದಗುತ್ತದೆ. ಒಂದು ಎಚ್ಚರಿಕೆಯ ಮಾತು: ಅಮೆರಿಕದ ಬೌಲಿಂಗ್ ಸಂಸ್ಥೆಯಾದ ಯುಎಸ್‌ಬಿಸಿಯ ನಿಯಮದಂತೆ ಪಂದ್ಯ ಆರಂಭವಾದ ಮೇಲೆ ಚೆಂಡಿನ ಮೈಯನ್ನು ಉಜ್ಜುವಂತಿಲ್ಲ. ಏನೇ ಮಾಡುವುದಿದ್ದರೂ ಅದಕ್ಕೆ ಮುಂಚೆ ಮಾಡಿಕೊಳ್ಳಬೇಕು.

ತೂಕವನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಯಮದಲ್ಲಿ ಗರಿಷ್ಠ 16 ಪೌಂಡ್, ಅಂದರೆ 7.26 ಕಿಲೋ ಎಂದಿರುವುದು ಗರಿಷ್ಠವೇ ಹೊರತು ಗುರಿಯಲ್ಲ. ಚೆಂಡನ್ನು ಹಿಂಡದೆ, ಭುಜ ಎಳೆಯದೆ ಲೋಲಕದಂತೆ ತೂಗಲು ಬರುವಷ್ಟು ತೂಕ ಸಾಕು.

ಪ್ರಶ್ನೆ: ಮೊದಲ ಆಟದಲ್ಲಿ 180ರ ಮೇಲೆ ಬರುತ್ತದೆ. ಮೂರನೆಯ ಆಟದ ಹೊತ್ತಿಗೆ 140ಕ್ಕೆ ಇಳಿಯುತ್ತದೆ. ಎಸೆತದಲ್ಲಿ ವ್ಯತ್ಯಾಸವಿಲ್ಲವೆಂದು ಜೊತೆಗಾರರೇ ಹೇಳುತ್ತಾರೆ. ದಣಿವು ಕಾರಣವೇ, ಇಲ್ಲವೇ ಚೆಂಡು ಬದಲಿಸಬೇಕೇ? (ಓದುಗರು, ವೈಟ್‌ಫೀಲ್ಡ್, ಬೆಂಗಳೂರು)

ಉತ್ತರ: ನಿಮ್ಮ ಜೊತೆಗಾರರ ಮಾತು ನಿಜವಾಗಿದ್ದರೆ ಅದೇ ನಿಮ್ಮ ತೊಂದರೆ. ಲೇನ್ ಬದಲಾಗಿದೆ, ನೀವು ಬದಲಾಗಿಲ್ಲ.

ಪ್ರತಿ ಚೆಂಡೂ ತಾನು ಹೋದ ದಾರಿಯ ಎಣ್ಣೆಯನ್ನು ಒಂದಿಷ್ಟು ಒರೆಸಿಕೊಂಡು ಹೋಗುತ್ತದೆ. ನಾಲ್ಕೈದು ಜನ ಎರಡನೆಯ ಬಾಣದ ಸುತ್ತಲೇ ಎಸೆಯುತ್ತಿದ್ದರೆ ಎರಡು ಆಟ ಮುಗಿಯುವುದರೊಳಗೆ ಅಲ್ಲೊಂದು ಒಣ ಕಾಲುದಾರಿ ಬಿದ್ದಿರುತ್ತದೆ. ಚೆಂಡು ಅದನ್ನು ಮುಟ್ಟಿದೊಡನೆ ಬೇಗ ತಿರುಗಿ ಹೆಡ್‌ಪಿನ್ನಿಗೆ ನೇರವಾಗಿ ಬಡಿಯುತ್ತದೆ, ಎದುರಿಗೆ ಉಳಿದ ಪಿನ್‌ಗಳ ನಡುವೆ ದೊಡ್ಡದೊಂದು ಸ್ಪ್ಲಿಟ್ (ಅಂತರ) ಬಾಯಿ ತೆರೆದು ನಿಲ್ಲುತ್ತದೆ. ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ಎಣ್ಣೆ ಹೀರದ ಪ್ಲಾಸ್ಟಿಕ್ ಮತ್ತು ಯುರೆಥೇನ್ ಚೆಂಡುಗಳು ಎಣ್ಣೆಯನ್ನು ಮುಂದಿನ ಒಣಭಾಗಕ್ಕೆ ಹೊತ್ತುಕೊಂಡು ಹೋಗಿ ಸವರುತ್ತವೆ. ಅಂಥ ಚೆಂಡುಗಳೇ ಹೆಚ್ಚಾಗಿ ಓಡುವ ಲೇನಿನಲ್ಲಿ ನಿಮ್ಮ ಚೆಂಡು ತಿರುಗಬೇಕಾದ ಜಾಗದಲ್ಲಿ ತಿರುಗದೆ ಹೋಗಬಹುದು. ಎಡಕ್ಕೆ ಹೋಗುತ್ತಿದೆಯೋ ಬಲಕ್ಕೆ ಉಳಿಯುತ್ತಿದೆಯೋ ಎಂದು ನೋಡಿದರೆ ಯಾವುದೆಂದು ತಿಳಿದುಬಿಡುತ್ತದೆ.

ಚೆಂಡನ್ನು ಬದಲಿಸುವ ಮುಂಚೆ ಕಾಲುಗಳನ್ನು ಬದಲಿಸಿ. ಎಡಕ್ಕೆ ಹೆಚ್ಚಾಗಿ ಹೋಗುತ್ತಿದ್ದರೆ ನಿಲ್ಲುವ ಜಾಗವನ್ನು ಎರಡು ಹಲಗೆ ಎಡಕ್ಕೆ, ಗುರಿಯನ್ನು ಒಂದು ಹಲಗೆ ಎಡಕ್ಕೆ ಸರಿಸಿದರೆ ಇನ್ನೂ ಎಣ್ಣೆ ಉಳಿದಿರುವ ಹೊಸ ದಾರಿ ಸಿಗುತ್ತದೆ. ಮತ್ತೆ ಹಾಗಾದರೆ ಮತ್ತೆ ಅಷ್ಟೇ ಸರಿಯಿರಿ. ಹೀಗೆ ಎಡಕ್ಕೆ ಹೋಗಿ ಹೋಗಿ ಚೆಂಡು ಪಾಕೆಟ್ಟಿಗೆ ಬಂದರೂ ಮೂಲೆಯ ಪಿನ್‌ಗಳು ಅಲುಗಾಡದೆ ನಿಂತರೆ ಆಗ ಚೆಂಡು ಬದಲಿಸುವ ಸಮಯ ಬಂದಿದೆ. ಸರಿಯಾದ ಸ್ಟ್ರೈಕ್‌ನಲ್ಲಿ ಚೆಂಡು ತಾನಾಗಿ ಮುಟ್ಟುವುದು 1, 3, 5, 9 ಎಂಬ ನಾಲ್ಕೇ ಪಿನ್‌ಗಳನ್ನು; ಉಳಿದ ಆರನ್ನು ಪಿನ್‌ಗಳೇ ಒಂದನ್ನೊಂದು ಬೀಳಿಸಬೇಕು. ದಾರಿಯಲ್ಲಿಯೇ ಹಿಡಿತ ಕಂಡುಕೊಂಡು ಬಲ ಕಳೆದುಕೊಂಡ ಚೆಂಡು 5ನೆಯ ಪಿನ್ನಿಗೆ ಬರುವ ಹೊತ್ತಿಗೆ ಹೊರಳಿಬಿಡುತ್ತದೆ. ಹಾಗಾದಾಗ ಮಾಸಲು ಸಾಲಿಡ್ ಬಿಟ್ಟು, ಮೊದಲ 40 ಅಡಿಯನ್ನು ಸುಮ್ಮನೆ ದಾಟಿ ಕೊನೆಗೆ ಎಚ್ಚರಗೊಳ್ಳುವ ಹೊಳಪಿನ ಪರ್ಲ್ ಒಂದನ್ನು ಎತ್ತಿಕೊಳ್ಳಬೇಕು.

ಇದರ ಪಾಠವನ್ನು ನಾನು ದುಬಾರಿಯಾಗಿಯೇ ಕಲಿತೆ. ಹಲವು ವರ್ಷಗಳ ಹಿಂದೆ ಪಂದ್ಯವೊಂದರ ಹಿಂದಿನ ಸಂಜೆ, ದಿನವಿಡೀ ಆಡಿ ಸವೆದಿದ್ದ ಲೇನಿನಲ್ಲಿ ಹೊಳಪಿನ ಪರ್ಲ್ ಚೆಂಡಿನಿಂದ ಅಭ್ಯಾಸ ಮಾಡಿ, ಸಾಲು ಸಾಲು ಸ್ಟ್ರೈಕ್ ಹೊಡೆದು, ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಬೆಳಗ್ಗೆ ಮೊದಲ ಸ್ಕ್ವಾಡ್‌ಗೆ (ಆಟಗಾರರ ಮೊದಲ ಗುಂಪಿಗೆ) ಆಗಷ್ಟೇ ಎಣ್ಣೆ ಹಾಕಿದ್ದರು. ಅದೇ ಚೆಂಡು ಆಟದ ಹತ್ತು ಫ್ರೇಮ್‌ಗಳಲ್ಲಿ (ಸರದಿಗಳಲ್ಲಿ) ಏಳು ಸಲ ಹೆಡ್‌ಪಿನ್ನಿನ ಬಲಗಡೆಯಿಂದಲೇ ಜಾರಿಹೋಯಿತು. ಚೀಲದಲ್ಲಿ 1000 ಗ್ರಿಟ್ಟಿನ ಸಾಲಿಡ್ ಇತ್ತು, ಆದರೆ ಹಿಂದಿನ ರಾತ್ರಿಯ ಪ್ರೀತಿ ಬಿಡಲಿಲ್ಲ. ಲೇನೇ ಸರಿಯಿಲ್ಲ ಎಂದು ಗೊಣಗಿದಾಗ ಜೊತೆಯಲ್ಲಿದ್ದ ಹಿರಿಯರೊಬ್ಬರು ತಲೆ ಎತ್ತದೆಯೇ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದರು. ಆ ದಿನದಿಂದ ನನ್ನ ನಿಯಮ ಇಷ್ಟೆ: ಹೊಸ ಎಣ್ಣೆಗೆ ಮಾಸಲು ಚೆಂಡಿನಿಂದ ತೊಡಗಿ, ಲೇನ್ ಒಣಗಿದಂತೆಲ್ಲ ಹೊಳಪಿನ ಕಡೆಗೆ ಹೋಗುವುದು.

ಪ್ರಶ್ನೆ: ಇಲ್ಲಿನ ಲೀಗ್‌ನಲ್ಲಿ ನನ್ನ ಸರಾಸರಿ 195 ಇದೆ. ಗೆಳೆಯರ ಮಾತಿಗೆ ಸ್ಪೋರ್ಟ್ ಲೀಗ್ ಒಂದಕ್ಕೆ ಸೇರಿದ ಮೇಲೆ 160 ದಾಟುವುದೇ ಕಷ್ಟವಾಗಿದೆ. ಹೆಚ್ಚು ಬಲದ ಚೆಂಡು ಕೊಂಡರೆ ಸರಿಹೋದೀತೇ? (ಕನ್ನಡಿಗರೊಬ್ಬರು, ಮಿಷಿಗನ್, ಅಮೆರಿಕ)

ಉತ್ತರ: ಇಲ್ಲ. 195 ಸುಳ್ಳಲ್ಲ, ಆದರೆ ಅದರಲ್ಲಿ ಲೇನಿನ ಪಾಲೂ ಇತ್ತು. ಹೌಸ್ ಪ್ಯಾಟರ್ನ್‌ನ ಒಣ ಅಂಚುಗಳು ನಿಮ್ಮ ತಪ್ಪುಗಳನ್ನು ತಾಯಿಯಂತೆ ತಿದ್ದಿ ಪಾಕೆಟ್ಟಿಗೆ ಕಳುಹಿಸುತ್ತಿದ್ದವು. ಯುಎಸ್‌ಬಿಸಿಯ ಸ್ಪೋರ್ಟ್ ಪ್ಯಾಟರ್ನ್‌ನಲ್ಲಿ ನಡುವಿಗೂ ಅಂಚಿಗೂ ಇರುವ ಎಣ್ಣೆಯ ಪ್ರಮಾಣ ಮೂರಕ್ಕೆ ಒಂದನ್ನು ಮೀರುವಂತಿಲ್ಲ. ಕೆಲವು ಪ್ಯಾಟರ್ನ್‌ಗಳಲ್ಲಿ ಎಲ್ಲ ಹಲಗೆಗಳಿಗೂ ಹೆಚ್ಚುಕಡಿಮೆ ಒಂದೇ ಎಣ್ಣೆ. ಅಲ್ಲಿ ಎರಡು ಹಲಗೆ ಹೊರಗೆ ತಪ್ಪಿದ ಚೆಂಡು ಮರಳಿ ಬರುವುದಿಲ್ಲ, ಎರಡು ಹಲಗೆ ಒಳಗೆ ತಪ್ಪಿದರೆ ನಿಲ್ಲುವುದಿಲ್ಲ. ಬಲ ಹೆಚ್ಚಿದಷ್ಟೂ ತಪ್ಪು ದೊಡ್ಡದಾಗಿ ಕಾಣುವುದರಿಂದ ಹಣ ಕೊಟ್ಟು ತೊಂದರೆ ಕೊಂಡಂತಾಗುತ್ತದೆ.

ಪ್ಯಾಟರ್ನ್‌ನ ಉದ್ದವನ್ನು ಮೊದಲು ನೋಡಿ. ಅಡಿಗಳ ಸಂಖ್ಯೆಯಿಂದ 31ನ್ನು ಕಳೆದರೆ, ಚೆಂಡು ಹೊರಕ್ಕೆ ಹೋಗಿ ತಿರುವು ಪಡೆಯಬೇಕಾದ ಹಲಗೆ ಸ್ಥೂಲವಾಗಿ ಸಿಗುತ್ತದೆ. 40 ಅಡಿಗೆ 9ನೆಯ ಹಲಗೆ, 35 ಅಡಿಗೆ 4ನೆಯದು, 45 ಅಡಿಗೆ 14ನೆಯದು. ಇದು ಆಟಗಾರರ ಕೈಲೆಕ್ಕವೇ ಹೊರತು ವೇದವಾಕ್ಯವಲ್ಲ, ಆದರೆ ಆರಂಭಕ್ಕೆ ಒಳ್ಳೆಯದು. ಚಿಕ್ಕ ಪ್ಯಾಟರ್ನ್‌ಗಳಲ್ಲಿ ಒಣಭಾಗ ಉದ್ದವಾಗಿರುವುದರಿಂದ ಚುರುಕಾಗಿ ತಿರುಗುವ ಚೆಂಡು ಹದ ತಪ್ಪುತ್ತದೆ; ಲೇನಿನ ಪಕ್ಕದ ಕಾಲುವೆಯಾದ ಗಟರ್‌ನ ಹತ್ತಿರದಿಂದ ಆಡುವ ಯುರೆಥೇನ್, ಅಥವಾ ಬಲ ಕಡಿಮೆಯ ರಿಯಾಕ್ಟಿವ್ ಅಲ್ಲಿ ನೆಮ್ಮದಿ ಕೊಡುತ್ತದೆ. ಉದ್ದದ ಪ್ಯಾಟರ್ನ್‌ಗಳಲ್ಲಿ ತಿರುಗಲು ಉಳಿಯುವ ನೆಲವೇ ಕಡಿಮೆ. ಅಲ್ಲಿ ಮಾಸಲು ಮೈಯ ಸಾಲಿಡ್ ಹಿಡಿದು, ಒಳಗಿನಿಂದ ನೇರವಾದ ಗೆರೆಯಲ್ಲಿ ಆಡಬೇಕು. ವೃತ್ತಿಪರರ ಸಂಸ್ಥೆಯಾದ ಪಿಬಿಎ ತನ್ನ ಕೆಲವು ಪ್ಯಾಟರ್ನ್‌ಗಳಿಗೆ ಪ್ರಾಣಿಗಳ ಹೆಸರಿಟ್ಟಿದೆ. ಚೀತಾ ಎಂದರೆ ಚಿಕ್ಕದು, ಶಾರ್ಕ್ ಎಂದರೆ ಉದ್ದದ್ದು. ನಿಮ್ಮ ಲೀಗ್‌ನವರು ಇಂಥ ಹೆಸರು ಹೇಳಿದರೆ ಹೆದರದೆ ಉದ್ದ ಎಷ್ಟೆಂದು ಕೇಳಿ.

ಮತ್ತೊಂದು ಸಂಗತಿಯೂ ಇದೆ. ಒಂದೇ ಎಣ್ಣೆ ಇಬ್ಬರಿಗೆ ಒಂದೇ ರೀತಿ ಕಾಣುವುದಿಲ್ಲ. ವೇಗ ಹೆಚ್ಚಿದ್ದು ಸುತ್ತು ಕಡಿಮೆಯಿರುವವರಿಗೆ ಸಾಧಾರಣ ಎಣ್ಣೆಯೂ ಹೆಚ್ಚೆನಿಸುತ್ತದೆ, ಅವರು ತುಸು ಒರಟು ಮೈಯ ಚೆಂಡನ್ನು ಹಿಡಿಯಬೇಕು. ಎರಡು ಕೈಯಲ್ಲಿ ಎಸೆದು ಚೆಂಡನ್ನು ಬುಗುರಿಯಂತೆ ಸುತ್ತಿಸುವವರಿಗೆ ಹೆಚ್ಚು ಎಣ್ಣೆಯೂ ಸಾಲದು. ಪಕ್ಕದ ಲೇನಿನವರು ಯಾವ ಚೆಂಡು ಹಿಡಿದಿದ್ದಾರೆ ಎಂದು ನೋಡುವ ಮುಂಚೆ ಅವರು ಅದನ್ನು ಬಿಡುವುದು ಹೇಗೆ ಎಂದು ನೋಡಬೇಕು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಅಮೀಬಾ ಬೌಲಿಂಗ್ ಕೇಂದ್ರದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳು ನಡೆದಿವೆ. ಅಂಥ ಪಂದ್ಯ ನಡೆಯುವಾಗ ಊರಿಗೆ ಬಂದಿದ್ದರೆ ಆಟಗಾರರ ಹಿಂದೆ ಅರ್ಧ ದಿನ ನಿಂತು ನೋಡಿ. ಒಂದೇ ಲೇನಿನಲ್ಲಿ ಇಬ್ಬರು ಹತ್ತು ಹಲಗೆಗಳ ಅಂತರದಲ್ಲಿ ಆಡುವುದನ್ನು ಕಂಡರೆ ಮೇಲಿನ ಮಾತಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಪ್ರಶ್ನೆ: ಎರಡು ವರ್ಷ ಚೆನ್ನಾಗಿ ತಿರುಗುತ್ತಿದ್ದ ಚೆಂಡು ಈಗ ಮಂಕಾಗಿದೆ. ಬಿಸಿಲಿಗೆ ಇಟ್ಟರೆ ಎಣ್ಣೆ ಬಿಡುತ್ತದೆ ಎಂದು ಯಾರೋ ಹೇಳಿದರೆಂದು ತಾರಸಿಯ ಮೇಲೆ ಇಡಬೇಕೆಂದಿದ್ದೇನೆ. ಇಡಬಹುದೇ? (ಓದುಗರು, ಹುಬ್ಬಳ್ಳಿ)

ಉತ್ತರ: ಹಪ್ಪಳ ಸಂಡಿಗೆಯ ಪಕ್ಕದಲ್ಲಿ ದಯವಿಟ್ಟು ಅದನ್ನು ಇಡಬೇಡಿ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ಚೆಂಡಿನ ಹೊರಮೈ ಒಳಗಿನ ಕೋರ್‌ಗಿಂತ ಬೇಗ ಹಿಗ್ಗುತ್ತದೆ, ಸಂಜೆಗೆ ಕುಗ್ಗುತ್ತದೆ. ಹೀಗಾಗುತ್ತ ಬೆರಳಿನ ತೂತುಗಳ ನಡುವೆ ಕೂದಲೆಳೆಯ ಬಿರುಕು ಬಿಟ್ಟರೆ ಆ ಚೆಂಡು ಮುಗಿದಂತೆ. ಬೇಸಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಹೋಗುವುದೂ ಇದೇ ಲೆಕ್ಕಕ್ಕೆ ಬರುತ್ತದೆ.

ಎಣ್ಣೆ ಹೀರುವುದೇ ರಿಯಾಕ್ಟಿವ್ ಚೆಂಡಿನ ಗುಣವಾದ್ದರಿಂದ ಹೀರಿ ಹೀರಿ ಅದು ತುಂಬಿಕೊಂಡಿದೆ. ತೂತುಗಳಿಗೆ ನೀರು ಹೋಗದಂತೆ ಟೇಪ್ ಅಂಟಿಸಿ, ಬಕೆಟ್ಟಿನಲ್ಲಿ ಕೈಗೆ ತಡೆಯುವಷ್ಟು ಬಿಸಿಯ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಇಪ್ಪತ್ತು ನಿಮಿಷ ಮುಳುಗಿಸಿಡಿ. ನೀರಿನ ಮೇಲೆ ಎಣ್ಣೆಯ ಕಣ್ಣುಗಳು ತೇಲುತ್ತವೆ. ಒರೆಸಿ, ನೀರು ತಣ್ಣಗಾಗಿದ್ದರೆ ಬದಲಿಸಿ, ಎಣ್ಣೆ ಬರುವುದು ನಿಲ್ಲುವವರೆಗೆ ಮತ್ತೆ ಮಾಡಿ. ಕುದಿಯುವ ನೀರು ಬೇಡ. ಅನಂತರ ಹಳೆಯ ಮೈಯನ್ನು ಮರಳಿಸಲು 2000ದ ಪ್ಯಾಡಿನಿಂದ ಉಜ್ಜಿದರೆ ನಿಮ್ಮ ಹಳೆಯ ಚೆಂಡು ಬಹುಪಾಲು ಹಿಂತಿರುಗುತ್ತದೆ. ಐವತ್ತು ಅರವತ್ತು ಆಟಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು. ನಿತ್ಯದ ಕೆಲಸವೆಂದರೆ ಪ್ರತಿ ಎಸೆತದ ಬಳಿಕ ಬಳೆಗಳನ್ನು ನೋಡಿಯಾದ ಮೇಲೆ ಟವೆಲಿನಿಂದ ಒರೆಸುವುದು, ಆಟ ಮುಗಿದೊಡನೆ ಕ್ಲೀನರ್ ಹಚ್ಚುವುದು. ಯುಎಸ್‌ಬಿಸಿ ನಿಯಮದ ಪಂದ್ಯಗಳಲ್ಲಿ 2019ರ ಆಗಸ್ಟ್‌ನಿಂದ ಆಟದ ನಡುವೆ ಒಣ ಟವೆಲ್ ಮಾತ್ರ ಬಳಸಬಹುದು, ಕ್ಲೀನರ್ ಹಾಕುವಂತಿಲ್ಲ.

ಪ್ರಶ್ನೆ: ಎಡಗೈ ಆಟಗಾರರಿಗೆ ಎಣ್ಣೆಯ ಲಾಭವಿದೆ ಎಂದು ಬಲಗೈಯವರು ಸದಾ ಆಡಿಕೊಳ್ಳುತ್ತಾರೆ. ಅದರಲ್ಲಿ ನಿಜವೆಷ್ಟು? (ಎಡಗೈ ಆಟಗಾರ್ತಿ, ಮಂಗಳೂರು)

ಉತ್ತರ: ಅರ್ಧ ನಿಜ. ಲೇನಿನ ಎಡಭಾಗದಲ್ಲಿ ಆಡುವವರು ಕಡಿಮೆಯಾದ್ದರಿಂದ ನಿಮ್ಮ ಕಡೆಯ ಎಣ್ಣೆ ನಿಧಾನವಾಗಿ ಸವೆಯುತ್ತದೆ; ಬಲಗೈಯವರು ಮೂರು ಸಲ ಕಾಲು ಸರಿಸುವಷ್ಟರಲ್ಲಿ ನೀವು ಒಮ್ಮೆ ಸರಿದರೆ ಸಾಕಾಗಬಹುದು. ಉಳಿದರ್ಧವನ್ನು ಅವರು ಹೇಳುವುದಿಲ್ಲ. ಅವರ ಕಡೆ ಹತ್ತು ಜನ ಸೇರಿ ಒಣ ದಾರಿಯೊಂದನ್ನು ಮಾಡಿಕೊಂಡು, ಅದರ ಹೊರಗೆ ತಪ್ಪಿದರೂ ಚೆಂಡು ಮರಳುವಂತೆ ಮಾಡಿಕೊಂಡಿರುತ್ತಾರೆ. ನಿಮ್ಮ ಕಡೆ ಆ ದಾರಿ ಮಾಡಿಕೊಡುವವರಿಲ್ಲ, ಎಣ್ಣೆ ಹೆಚ್ಚಾಗಿದ್ದ ದಿನ ಕೊನೆಯವರೆಗೂ ಹೆಚ್ಚಾಗಿಯೇ ಇರುತ್ತದೆ. ಆದ್ದರಿಂದ ಮಾಸಲು ಮೈಯ ಚೆಂಡನ್ನು ಬಲಗೈ ಗೆಳತಿಯರಿಗಿಂತ ಒಂದೆರಡು ಆಟ ಹೆಚ್ಚೇ ಕೈಯಲ್ಲಿಟ್ಟುಕೊಳ್ಳಿ, ಅವರು ಹೊಳಪಿನ ಚೆಂಡಿಗೆ ಕೈ ಹಾಕಿದರೆಂದು ನೀವೂ ಹಾಕಬೇಡಿ.